ವಾಲಿದ ಫ್ಯೂಚುರಾ: ಎಲ್ಲಿ ಒಪ್ಪುತ್ತದೆ, ಎಲ್ಲಿ ಒಗ್ಗುವುದಿಲ್ಲ

ಕೆಂಪು ಆಯತ, ಅದರ ನಡುವೆ ಬಲಕ್ಕೆ ವಾಲಿದ ದಪ್ಪ ಬಿಳಿ ಅಕ್ಷರಗಳು. ನ್ಯೂಯಾರ್ಕಿನ ಸುಪ್ರೀಮ್ ಎಂಬ ಉಡುಪಿನ ಕಂಪನಿಯ ಈ ಗುರುತು ನಮ್ಮ ಫುಟ್‌ಪಾತಿನ ಟೀ ಶರ್ಟುಗಳ ಮೇಲೂ ಬಂದು ಕೂತಿದೆ. ತೊಟ್ಟವರಿಗೆ ಕಂಪನಿ ಯಾವುದೆಂದು ಗೊತ್ತಿರಬೇಕೆಂದೇನೂ ಇಲ್ಲ, ಅಕ್ಷರದ ಹೆಸರಂತೂ ಬಹುತೇಕ ಯಾರಿಗೂ ಗೊತ್ತಿರುವುದಿಲ್ಲ. ಅದು ಫ್ಯೂಚುರಾ ಹೆವಿ ಆಬ್ಲಿಕ್. 1927ರಲ್ಲಿ ಜರ್ಮನಿಯಲ್ಲಿ ಬಿಡುಗಡೆಯಾದ ಫ್ಯೂಚುರಾ ಎಂಬ ಅಕ್ಷರ ಕುಟುಂಬದ ಓರೆ ಸದಸ್ಯ.

ಆಮಂತ್ರಣವಿರಲಿ, ಅಂಗಡಿಯ ಫ್ಲೆಕ್ಸ್ ಇರಲಿ, ಕಾಲೇಜು ಉತ್ಸವದ ಪೋಸ್ಟರ್ ಇರಲಿ, ಓರೆ ಅಕ್ಷರ ಬೇಕೆನಿಸಿದಾಗ ನಾವು ಮಾಡುವುದು ಇಷ್ಟೇ: ಪದವನ್ನು ಆರಿಸಿ ಮೇಲಿನ ಪಟ್ಟಿಯಲ್ಲಿರುವ ವಾಲಿದ ‘ಐ’ ಗುಂಡಿ ಒತ್ತುತ್ತೇವೆ. ಆ ಗುಂಡಿ ಒಮ್ಮೊಮ್ಮೆ ಅಕ್ಷರವಿನ್ಯಾಸಕ ಕೂತು ತಿದ್ದಿದ ಓರೆ ಅಕ್ಷರವನ್ನು ಕೊಡುತ್ತದೆ. ಅಂಥದ್ದು ಇಲ್ಲದಿದ್ದರೆ ನೆಟ್ಟಗಿದ್ದುದನ್ನೇ ಪಕ್ಕಕ್ಕೆ ತಳ್ಳಿ ಮುಂದಿಡುತ್ತದೆ, ಹೀಗೆ ಮಾಡಿದೆ ಎಂದು ಹೇಳುವುದೂ ಇಲ್ಲ. ಬೇರೆ ಜಾತಿಯ ಅಕ್ಷರಗಳಲ್ಲಿ ಈ ಮೋಸ ಸ್ವಲ್ಪ ಮುಚ್ಚಿಹೋಗಬಹುದು. ವೃತ್ತ, ತ್ರಿಕೋನ, ಸರಳರೇಖೆಗಳಿಂದಲೇ ಕಟ್ಟಿದ ಫ್ಯೂಚುರಾದಂಥ ಅಕ್ಷರದಲ್ಲಿ ಅದು ಮುಖಕ್ಕೆ ರಾಚುತ್ತದೆ. ಇಂಥ ಓರೆ ಅಕ್ಷರವನ್ನು ಗುರುತಿಸುವುದು ಹೇಗೆ, ಯಾವ ಕೆಲಸಕ್ಕೆ ಹಚ್ಚುವುದು, ಕನ್ನಡದ ಪಕ್ಕದಲ್ಲಿ ಇಡುವಾಗ ಏನು ಮಾಡುವುದು ಎಂಬುದು ಈ ಲೇಖನದ ವಿಷಯ.

ಕೈಬರಹದ ನೆನಪಿಲ್ಲದ ಅಕ್ಷರ

ಪಾಲ್ ರೆನ್ನರ್ (1878–1956) ಮೂಲತಃ ಚಿತ್ರಕಾರ, ಪುಸ್ತಕ ವಿನ್ಯಾಸಕ. ಪ್ರಕಾಶಕ ಯಾಕೋಬ್ ಹೆಗ್ನರ್ 1924ರಲ್ಲಿ ಅವನನ್ನು ಕೇಳಿದ್ದು ಈ ಕಾಲಕ್ಕೆ ಒಪ್ಪುವ ಒಂದು ಅಕ್ಷರ ಬೇಕೆಂದು. ರೆನ್ನರ್ ಕರಡುಗಳನ್ನು ಗೀಚಿದ. ಕೊನೆಗೆ ಅವು ಫ್ರಾಂಕ್‌ಫರ್ಟಿನ ಬಾವರ್ ಅಕ್ಷರ ಫೌಂಡ್ರಿಗೆ ಹೋದವು. ಅಲ್ಲಿನ ವಿನ್ಯಾಸ ನೋಡಿಕೊಳ್ಳುತ್ತಿದ್ದ ಹೈನ್ರಿಖ್ ಯೋಸ್ಟ್ ಮತ್ತು ಕುಶಲಕರ್ಮಿಗಳು ರೆನ್ನರನ ಅತಿ ಎನಿಸುವ ಪ್ರಯೋಗಗಳನ್ನು ಹದಕ್ಕೆ ತಂದರು. ಮೊದಲ ಕರಡಿನ ಕೆಲವು ಸಣ್ಣಕ್ಷರಗಳು ಈಗ ನೋಡಿದರೆ ನಗು ಬರುವಂತಿವೆ: ‘ಆರ್’ ಎಂದರೆ ಒಂದು ಕಡ್ಡಿ, ಅದರ ಪಕ್ಕದಲ್ಲಿ ತೇಲುವ ಒಂದು ಚುಕ್ಕಿ. ರೆನ್ನರ್ ಬೌಹೌಸ್ ಶಾಲೆಯವನೆಂದು ಅನೇಕ ಕಡೆ ಬರೆಯುತ್ತಾರೆ. ಆ ಶಾಲೆಯ ಆಲೋಚನೆಗಳ ಗಾಳಿ ಅವನಿಗೆ ಸೋಕಿತ್ತು, ಆದರೆ ಅವನು ಅಲ್ಲಿ ಕಲಿತವನೂ ಅಲ್ಲ, ಕಲಿಸಿದವನೂ ಅಲ್ಲ. ಮ್ಯೂನಿಕ್‌ನಲ್ಲಿ ಮುದ್ರಣ ಶಾಲೆ ನಡೆಸುತ್ತಿದ್ದ ಅವನನ್ನು 1933ರಲ್ಲಿ ನಾಜಿಗಳು ಬಂಧಿಸಿ ಕೆಲಸದಿಂದ ತೆಗೆದರು.

ಆ ಕೆಲವೇ ವರ್ಷಗಳಲ್ಲಿ ಜರ್ಮನಿಯಲ್ಲಿ ಇದೇ ಬಗೆಯ ಅಕ್ಷರಗಳ ಸಾಲೇ ಬಂತು. ಯಾಕೋಬ್ ಎರ್ಬಾರನ ಎರ್ಬಾರ್ 1926ರದು, ರುಡಾಲ್ಫ್ ಕೋಖನ ಕಾಬೆಲ್ 1927ರದು. ಉಳಿದು ಬೆಳೆದದ್ದು ಫ್ಯೂಚುರಾ. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಬರಹವೂ ಇದೇ ಅಕ್ಷರದ ನೆಟ್ಟಗಿನ ದೊಡ್ಡಕ್ಷರಗಳಲ್ಲಿದೆ.

ಓರೆ ರೂಪಗಳು ಬಿಡುಗಡೆಯ ನಂತರದ ಕೆಲವು ವರ್ಷಗಳಲ್ಲಿ ಒಂದೊಂದಾಗಿ ಸೇರಿಕೊಂಡವು. ಓರೆ ಅಕ್ಷರದಲ್ಲಿ ಎರಡು ವಂಶಗಳಿವೆ. ಇಟಾಲಿಕ್ ಎಂಬುದು ಹಳೆಯದು. ವೆನಿಸ್‌ನ ಮುದ್ರಕ ಆಲ್ದಸ್ ಮನೂಶಿಯಸ್ 1501ರಲ್ಲಿ ವರ್ಜಿಲನ ಕಾವ್ಯವನ್ನು ಪೂರ್ತಿ ಇಟಾಲಿಕ್‌ನಲ್ಲಿ ಅಚ್ಚು ಹಾಕಿದ. ಅದನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅದು ಆ ಕಾಲದ ವಿದ್ವಾಂಸರ ಓಡುಬರಹದ ರೂಪ. ಹಾಗಾಗಿ ಒಳ್ಳೆಯ ಪುಸ್ತಕದ ಅಕ್ಷರದಲ್ಲಿ ಇಟಾಲಿಕ್ ಆದೊಡನೆ ‘ಎ’, ‘ಎಫ್’ ಮುಂತಾದವುಗಳ ಆಕಾರವೇ ಬದಲಾಗುತ್ತದೆ. ಇನ್ನೊಂದು ಆಬ್ಲಿಕ್. ಇಲ್ಲಿ ಆಕಾರ ಅದೇ, ನಿಲುವು ಮಾತ್ರ ಓರೆ. ಬ್ರಿಟನ್ನಿನ ಸ್ಟಾನ್ಲಿ ಮಾರಿಸನ್ 1926ರಲ್ಲಿ, ಪುಸ್ತಕದ ಇಟಾಲಿಕ್ ಕೂಡ ವಾಲಿದ ರೋಮನ್, ಅಂದರೆ ನೆಟ್ಟಗಿನ ಅಕ್ಷರದ್ದೇ ಓರೆ ರೂಪ, ಆಗಬೇಕೆಂದು ವಾದಿಸಿ ಲೇಖನ ಬರೆದಿದ್ದ. ಪುಸ್ತಕದ ಲೋಕ ಅದನ್ನು ಒಪ್ಪಲಿಲ್ಲ. ಜ್ಯಾಮಿತೀಯ ಅಕ್ಷರಗಳಲ್ಲಿ ಮಾತ್ರ ಅದು ಸಹಜವಾಗಿ ನೆಲೆ ನಿಂತಿತು, ಏಕೆಂದರೆ ಅಲ್ಲಿ ಮರಳಿ ಹೋಗಲು ಕೈಬರಹವೇ ಇಲ್ಲ. ಫ್ಯೂಚುರಾದ ನೆಟ್ಟಗಿನ ಸಣ್ಣ ‘ಎ’ ಒಂದು ವೃತ್ತ ಮತ್ತು ಒಂದು ಕಡ್ಡಿ. ಇಟಾಲಿಕ್ ಆಗುವಾಗ ಬೇರೆ ಅಕ್ಷರಗಳು ತಲುಪುವ ಆಕಾರದಲ್ಲಿ ಅದು ಮೊದಲೇ ನಿಂತಿದೆ.

ಫ್ಯೂಚುರಾ ಓರೆಯನ್ನು ಎಲ್ಲಿ ಬಳಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರವೆಲ್ಲ ಇದರಿಂದಲೇ ಹುಟ್ಟುತ್ತದೆ. ಆಕಾರ ಬದಲಾಗುವುದಿಲ್ಲ, ವಾಲುವುದೊಂದೇ ವ್ಯತ್ಯಾಸ. ಆ ವಾಲುವಿಕೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ. ನೆಟ್ಟಗಿನ ಸಾಲುಗಳ ನಡುವೆ ಒಂದು ಪದವನ್ನು ಅಷ್ಟು ವಾಲಿಸಿದರೆ ಓದುಗನ ಕಣ್ಣು ಅದನ್ನು ದಾಟಿ ಹೋಗುತ್ತದೆ. ಇಡೀ ಸಾಲನ್ನು ದೊಡ್ಡದಾಗಿ, ದಪ್ಪಗೆ ಮಾಡಿ ವಾಲಿಸಿದರೆ ಅದೇ ಹನ್ನೆರಡು ಡಿಗ್ರಿ ಪುಟವನ್ನೇ ಆಳುತ್ತದೆ. ಸಣ್ಣ ಗಾತ್ರದ ಒತ್ತಿಗೆ ಇದು ದುರ್ಬಲ ಸಾಧನ, ದೊಡ್ಡ ಗಾತ್ರದ ಘೋಷಣೆಗೆ ಬಲಿಷ್ಠ.

ವೃತ್ತವನ್ನು ತಳ್ಳಿದರೆ ಏನಾಗುತ್ತದೆ

ನೆಟ್ಟಗಿನ ಫ್ಯೂಚುರಾದ ‘ಓ’ ಕೈವಾರದಿಂದ ಎಳೆದಂತೆ ಕಾಣುತ್ತದೆ. ಅಳೆದು ನೋಡಿದರೆ ಅದು ಶುದ್ಧ ವೃತ್ತವೂ ಅಲ್ಲ, ಅದರ ಗೆರೆ ಎಲ್ಲೆಡೆ ಒಂದೇ ದಪ್ಪವೂ ಅಲ್ಲ. ಒಂದೇ ದಪ್ಪದ ಅಡ್ಡಗೆರೆ ಮತ್ತು ಉದ್ದಗೆರೆ ಇಟ್ಟರೆ ಅಡ್ಡಗೆರೆಯೇ ದಪ್ಪವೆಂದು ನಮ್ಮ ಕಣ್ಣು ಭಾವಿಸುತ್ತದೆ. ಆದ್ದರಿಂದ ಅಡ್ಡಗೆರೆಯನ್ನು ಕೊಂಚ ತೆಳುವಾಗಿಸುತ್ತಾರೆ. ಬಟ್ಟಲು ಕಡ್ಡಿಗೆ ಸೇರುವ ಜಾಗದಲ್ಲಿ ಮಸಿ ಗಂಟು ಕಟ್ಟದಂತೆ ಗೆರೆಯನ್ನು ಸಣ್ಣಗೆ ಮಾಡುತ್ತಾರೆ. ಚೂಪು ತುದಿಯ ದೊಡ್ಡ ‘ಎ’ ಉಳಿದವುಗಳಿಗಿಂತ ತುಸು ಎತ್ತರಕ್ಕೆ ಚಾಚದಿದ್ದರೆ ಕುಳ್ಳಾಗಿ ಕಾಣುತ್ತದೆ. ಗಣಿತದಂತೆ ಕಾಣುವುದರ ಹಿಂದೆ ಇರುವುದು ಕಣ್ಣಿಗೆ ಮಾಡಿದ ಇಂಥ ಹತ್ತಾರು ರಿಯಾಯಿತಿಗಳು.

ಈಗ ಈ ‘ಓ’ವನ್ನು ಯಂತ್ರ ಹೇಗೆ ವಾಲಿಸುತ್ತದೆಂದು ನೋಡೋಣ. ಅದು ಅಕ್ಷರವನ್ನು ತಿರುಗಿಸುವುದಿಲ್ಲ. ಬುಡವನ್ನು ಹಿಡಿದುಕೊಂಡು ಮೇಲಿನ ಪದರಗಳನ್ನು ಎತ್ತರಕ್ಕೆ ತಕ್ಕಂತೆ ಬಲಕ್ಕೆ ಸರಿಸುತ್ತದೆ, ಇಸ್ಪೀಟು ಕಟ್ಟನ್ನು ಒಂದು ಬದಿಯಿಂದ ಒತ್ತಿದ ಹಾಗೆ. ಹನ್ನೆರಡು ಡಿಗ್ರಿಯಷ್ಟು ಹೀಗೆ ತಳ್ಳಿದರೆ ವೃತ್ತ ದೀರ್ಘವೃತ್ತವಾಗುತ್ತದೆ. ಎಡಗೆಳಗಿನಿಂದ ಬಲಮೇಲಕ್ಕೆ ಹೋಗುವ ಓರೆಯಲ್ಲಿ ಅದು ಶೇ 11ರಷ್ಟು ಹಿಗ್ಗುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಶೇ 10ರಷ್ಟು ಕುಗ್ಗುತ್ತದೆ. ಗೆರೆಯ ದಪ್ಪಕ್ಕೂ ಇದೇ ಗತಿ: ಬಲಮೇಲಿನ ಭುಜ ಮತ್ತು ಎಡಗೆಳಗಿನ ಮೂಲೆ ಊದಿಕೊಳ್ಳುತ್ತವೆ, ಉಳಿದೆರಡು ಮೂಲೆಗಳು ಸೊರಗುತ್ತವೆ. ಅತಿ ದಪ್ಪ ಮತ್ತು ಅತಿ ತೆಳುವಿನ ನಡುವಿನ ಅಂತರ ಸುಮಾರು ಕಾಲು ಭಾಗ. ಗೆರೆಯೆಲ್ಲ ಒಂದೇ ದಪ್ಪವೆಂಬ ಭ್ರಮೆಯ ಮೇಲೆ ನಿಂತ ಅಕ್ಷರಕ್ಕೆ ಇದು ಸಣ್ಣ ಪೆಟ್ಟಲ್ಲ. ದೊಡ್ಡ ‘ಎ’ಯಲ್ಲಿ ಎಡಗಾಲು ಇನ್ನಷ್ಟು ಬಾಗಿ ತೆಳ್ಳಗಾಗುತ್ತದೆ, ಬಲಗಾಲು ನೆಟ್ಟಗಾಗುತ್ತ ದಪ್ಪಗಾಗುತ್ತದೆ. ‘ವಿ’ಯಲ್ಲಿ ಇದು ತಿರುಗುಮುರುಗು.

ಒಳ್ಳೆಯ ಓರೆ ಅಕ್ಷರವನ್ನು ಮಾಡುವವರು ಈ ತಳ್ಳಿದ ರೂಪದಿಂದ ಶುರು ಮಾಡಿ ಆಮೇಲೆ ಒಂದೊಂದೇ ತಿರುವನ್ನು ತಿದ್ದುತ್ತಾರೆ. ಕೆಲವರು ಸ್ವಲ್ಪ ತಿರುಗಿಸಿ, ಸ್ವಲ್ಪ ತಳ್ಳಿ, ಎರಡನ್ನೂ ಬೆರೆಸುತ್ತಾರೆ. ಊದಿದ ಭುಜವನ್ನು ಇಳಿಸುತ್ತಾರೆ, ಸೊರಗಿದ್ದನ್ನು ತುಂಬುತ್ತಾರೆ, ಕಾಲುಗಳ ತೂಕ ಸರಿದೂಗಿಸುತ್ತಾರೆ. ಅಚ್ಚುಮೊಳೆಯ ಕಾಲದಲ್ಲಿ ಪ್ರತಿ ಗಾತ್ರಕ್ಕೂ ಬೇರೆ ಮೊಳೆ ಎರಕ ಹೊಯ್ಯಬೇಕಿತ್ತು. ಜೊತೆಗೆ ಇನ್ನೊಂದು ತಲೆನೋವು: ವಾಲಿದ ಅಕ್ಷರದ ಮೇಲ್ತುದಿ ಸೀಸದ ಮೈಯಿಂದ ಹೊರಗೆ ಚಾಚಿದರೆ ಒತ್ತುವಾಗ ಮುರಿದು ಬೀಳುತ್ತಿತ್ತು. ಗುಂಡಿ ಒತ್ತಿ ವಾಲಿಸುವ ಚಾಳಿಯೂ ಕಂಪ್ಯೂಟರಿನಿಂದ ಶುರುವಾದದ್ದಲ್ಲ. ಫೋಟೊ ಅಕ್ಷರಜೋಡಣೆಯ ಯಂತ್ರಗಳಲ್ಲೇ ಮಸೂರದ ಮೂಲಕ ನೆಟ್ಟಗಿನ ಅಕ್ಷರವನ್ನು ಓರೆ ಮಾಡುವ ಸೌಕರ್ಯವಿತ್ತು.

ನಿಮ್ಮ ಪರದೆಯ ಮೇಲಿರುವುದು ತಿದ್ದಿದ್ದೋ ತಳ್ಳಿದ್ದೋ ತಿಳಿಯಲು ‘ಓ’ವನ್ನು ಪುಟ ತುಂಬುವಷ್ಟು ದೊಡ್ಡದು ಮಾಡಿ ಬಲಮೇಲಿನ ಮೂಲೆಯನ್ನೂ ಎಡಮೇಲಿನ ಮೂಲೆಯನ್ನೂ ಹೋಲಿಸಿ ನೋಡಿ. ಒಂದು ಕಡೆ ಬಾವು ಬಂದಂತಿದ್ದರೆ ಅದು ತಳ್ಳಿದ್ದು. ಫಾಂಟ್ ಪಟ್ಟಿಯಲ್ಲಿ ಆಬ್ಲಿಕ್ ಅಥವಾ ಇಟಾಲಿಕ್ ಎಂಬ ಹೆಸರಿನ ಪ್ರತ್ಯೇಕ ರೂಪ ಇದೆಯೇ ಎಂದು ನೋಡುವುದು ಇನ್ನೂ ಸುಲಭ. ಇಲ್ಲದಿದ್ದರೆ ವರ್ಡ್ ಆಗಲಿ ಬ್ರೌಸರ್ ಆಗಲಿ ಸುಮ್ಮನೆ ತಳ್ಳಿಬಿಡುತ್ತದೆ. ಜಾಲಪುಟಗಳ ರೂಪ ಹೇಳುವ ಸಿಎಸ್‌ಎಸ್ ನಿಯಮದ ಪ್ರಕಾರ ಕೋನ ಹೇಳದೆ ಆಬ್ಲಿಕ್ ಎಂದರೆ 14 ಡಿಗ್ರಿ, ಅಂದರೆ ಅಕ್ಷರವಿನ್ಯಾಸಕರು ಸಾಮಾನ್ಯವಾಗಿ ಇಟ್ಟುಕೊಳ್ಳುವುದಕ್ಕಿಂತ ಹೆಚ್ಚು.

ಯಾವ ಕೆಲಸಕ್ಕೆ

ವಾಲಿದ ಫ್ಯೂಚುರಾವನ್ನು ಎಲ್ಲರಿಗಿಂತ ಚೆನ್ನಾಗಿ ದುಡಿಸಿಕೊಂಡವಳು ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್. ಕೊಂಡೆ ನಾಸ್ಟ್ ಪತ್ರಿಕಾ ಸಮೂಹದಲ್ಲಿ, ಮಡೆಮ್ವಾಸೆಲ್ ಎಂಬ ಮಹಿಳಾ ಪತ್ರಿಕೆಯ ಪುಟ ವಿನ್ಯಾಸ ಮಾಡುತ್ತ ಪಳಗಿದ ಕೈ ಅದು. ಎಲ್ಲೆಲ್ಲಿಂದಲೋ ಆಯ್ದ ಕಪ್ಪುಬಿಳುಪಿನ ಫೋಟೊ, ಅದರ ಮೇಲೆ ಕೆಂಪು ಪಟ್ಟಿ, ಪಟ್ಟಿಯೊಳಗೆ ಫ್ಯೂಚುರಾ ಬೋಲ್ಡ್ ಆಬ್ಲಿಕ್‌ನಲ್ಲಿ ನಾಲ್ಕೈದು ಪದ. ಕೊಳ್ಳುಬಾಕತನವನ್ನು ಚುಚ್ಚುವ ಅವಳ ಪ್ರಸಿದ್ಧ ಕೃತಿ 1987ರದು. ಗರ್ಭಪಾತದ ಹಕ್ಕಿಗಾಗಿ ವಾಷಿಂಗ್ಟನ್‌ನಲ್ಲಿ ಮಹಿಳೆಯರು ನಡೆಸಿದ ಮೆರವಣಿಗೆಗೆ ‘ಯುವರ್ ಬಾಡಿ ಈಸ್ ಎ ಬ್ಯಾಟಲ್‌ಗ್ರೌಂಡ್’ ಎಂಬ ಪೋಸ್ಟರ್ ಮಾಡಿದ್ದು 1989ರಲ್ಲಿ. ಸುಪ್ರೀಮ್ ಅಂಗಡಿ ತೆರೆದದ್ದು 1994ರಲ್ಲಿ. ಅದರ ಕೆಂಪು ಪೆಟ್ಟಿಗೆ ಎಲ್ಲಿಂದ ಬಂತೆಂದು ವಿವರಿಸುವ ಅಗತ್ಯವೇ ಇಲ್ಲ. ಸರಕಿನ ಮೋಹವನ್ನು ಹಂಗಿಸಲು ಹುಟ್ಟಿದ ಶೈಲಿ ಸರಕಿನ ಮೇಲೆಯೇ ಮುದ್ರೆಯಾಗಿ, ಜನ ಸಾಲುಗಟ್ಟಿ ನಿಂತು ಕೊಂಡರು.

ಕ್ರೂಗರ್ ಕೃತಿಯನ್ನು ಕೆಲಸಗಾರನ ಕಣ್ಣಿಂದ ನೋಡಿದರೆ ಕಲಿಯುವುದಿದೆ. ಅಕ್ಷರ ವಾಲಿದೆ, ಆದರೆ ಪಟ್ಟಿ ವಾಲಿಲ್ಲ. ನೆಟ್ಟಗಿನ ಪಟ್ಟಿಯ ಗೋಡೆಗೆ ಓರೆ ಅಕ್ಷರ ಹಾಯುವಂತೆ ಕಾಣುವುದರಿಂದಲೇ ಅಲ್ಲಿ ಬಿಗು ಹುಟ್ಟುತ್ತದೆ. ಪಟ್ಟಿಯನ್ನೂ ಅಕ್ಷರದ ಕೋನಕ್ಕೆ ಓರೆ ಮಾಡಿದ್ದರೆ ಅದೇ ಮಾತು ಕೊರಿಯರ್ ಕಂಪನಿಯ ಲಾಂಛನದಂತೆ ಓಡಿಹೋಗುತ್ತಿತ್ತು. ವೇಗ ಬೇಕಾದಲ್ಲಿ ಪಟ್ಟಿಯನ್ನೂ ಓರೆ ಮಾಡಿ, ದೃಢತೆ ಬೇಕಾದಲ್ಲಿ ಅಕ್ಷರವನ್ನಷ್ಟೇ. ಎರಡನ್ನೂ ಬೇರೆ ಬೇರೆ ಕೋನಕ್ಕೆ ಓರೆ ಮಾಡುವುದು ಮಾತ್ರ ಯಾವಾಗಲೂ ಕೆಟ್ಟದಾಗಿ ಕಾಣುತ್ತದೆ. ದಪ್ಪವೂ ಮುಖ್ಯ. ಲೈಟ್ ತೂಕದ ಓರೆ ಫ್ಯೂಚುರಾ ಸುಗಂಧದ್ರವ್ಯದ ಡಬ್ಬಿಗೆ ಸರಿ, ಬೀದಿಯ ಪೋಸ್ಟರಿಗೆ ಸಾಲದು.

ಕ್ರೀಡೆ ಇನ್ನೊಂದು ಸಹಜ ನೆಲೆ. ನೈಕಿಯ ಹೆಸರಿನ ದಪ್ಪ, ಇಕ್ಕಟ್ಟಾದ, ಮುಂದಕ್ಕೆ ಬಾಗಿದ ದೊಡ್ಡಕ್ಷರಗಳು ಫ್ಯೂಚುರಾ ಕಂಡೆನ್ಸ್ಡ್ ವಂಶದವು. ಮ್ಯಾರಥಾನ್, ಸೈಕಲ್ ಕ್ಲಬ್, ಊರಿನ ಕ್ರಿಕೆಟ್ ಟೂರ್ನಿಯ ಜೆರ್ಸಿ ಇವುಗಳಿಗೆ ಈ ಜಾತಿಯ ಅಕ್ಷರ ಹೇಳಿ ಮಾಡಿಸಿದಂತೆ ಕೂರುತ್ತದೆ, ಎಷ್ಟೆಂದರೆ ಈಗ ಸವಕಲಾಗಿದೆ. ನಿಮ್ಮದು ಓಟದ ಸ್ಪರ್ಧೆಯಾಗಿದ್ದರೆ ಓರೆ ಅಕ್ಷರ ಬಿಟ್ಟು ಬೇರೇನಾದರೂ ಯೋಚಿಸಿದರೆ ಹೆಚ್ಚು ಗಮನ ಸಿಗಬಹುದು. ಗ್ರಂಥಾಲಯದ ಕಾರ್ಯಕ್ರಮ, ಚರ್ಚಾಕೂಟ, ನಾಟಕೋತ್ಸವ ಇಂಥ ಕಡೆ ಅದು ಇನ್ನೂ ಹೊಸದಾಗಿಯೇ ಕಾಣುತ್ತದೆ.

ಎಲ್ಲಿ ಬೇಡ ಎಂಬುದು ಇಷ್ಟು ಹೊತ್ತಿಗೆ ಊಹೆಗೆ ಬಂದಿರಬೇಕು. ಒಂದು ಪ್ಯಾರಾ ಪೂರ್ತಿ ಬೇಡ. ಔಷಧಿಯ ಸೂಚನೆ, ಬಸ್ಸಿನ ವೇಳಾಪಟ್ಟಿ, ಪಾಸ್‌ವರ್ಡ್, ಫೋನ್ ನಂಬರು ಬೇಡವೇ ಬೇಡ. ಫ್ಯೂಚುರಾದಲ್ಲಿ ದೊಡ್ಡ ‘ಐ’, ಸಣ್ಣ ‘ಎಲ್’ ಎರಡೂ ಬರಿ ಕಡ್ಡಿಗಳು. ಸಣ್ಣ ‘ಜೆ’ಗೂ ಕೊಕ್ಕೆಯಿಲ್ಲ. ಇಲಿನಾಯ್ಸ್ ಎಂದು ಇಂಗ್ಲಿಷ್‌ನಲ್ಲಿ ಬರೆದು ನೋಡಿ, ಶುರುವಿನಲ್ಲಿ ಮೂರು ಕಡ್ಡಿ ಸಾಲಾಗಿ ನಿಲ್ಲುತ್ತವೆ. ಸಣ್ಣ ‘ಎಲ್’ ದೊಡ್ಡಕ್ಷರಕ್ಕಿಂತ ತುಸು ಎತ್ತರ ಎಂಬುದೊಂದೇ ಸುಳಿವು. ವಾಲಿಸಿದ ಮೇಲೆ ಅವು ವಿಭಜನೆಯ ಓರೆಗೆರೆಯಂತೆಯೂ ಕಾಣತೊಡಗುತ್ತವೆ. ಸಣ್ಣ ‘ಎ’ ಮತ್ತು ‘ಓ’ ನಡುವಿನ ವ್ಯತ್ಯಾಸ ಒಂದು ಕಡ್ಡಿಯಷ್ಟೇ. ಸಣ್ಣ ಗಾತ್ರದಲ್ಲಿ, ಮಬ್ಬು ಮುದ್ರಣದಲ್ಲಿ, ವಯಸ್ಸಾದ ಕಣ್ಣಿಗೆ ಆ ಕಡ್ಡಿ ಕರಗಿಹೋಗುತ್ತದೆ.

ಜೋಡಿಸುವಾಗ

ಪದಗಳು ಕಡಿಮೆಯಿರಲಿ. ಏಳೆಂಟಕ್ಕೆ ಮೀರಿದರೆ ಕೂಗು ಗೊಣಗಾಟವಾಗುತ್ತದೆ. ಪೂರ್ತಿ ದೊಡ್ಡಕ್ಷರದಲ್ಲಿ ಜೋಡಿಸುವುದಾದರೆ ಅಕ್ಷರಗಳ ನಡುವಿನ ಜಾಗ ಒಂದಿಷ್ಟು ಹೆಚ್ಚಬೇಕು. ಸಣ್ಣಕ್ಷರಗಳಲ್ಲಿ, ದಪ್ಪ ತೂಕದಲ್ಲಿ, ಶೀರ್ಷಿಕೆಯ ಗಾತ್ರದಲ್ಲಿ ಜಾಗವನ್ನು ಬಿಗಿ ಮಾಡಿದಷ್ಟೂ ಚೆಂದ. ಸಾಲಿನ ನಡುವಿನ ಅಂತರದ ವಿಷಯದಲ್ಲಿ ಎಚ್ಚರಿಕೆ ಬೇಕು: ಫ್ಯೂಚುರಾದ ಮೇಲ್ಗಡ್ಡಿಗಳು ಉದ್ದ, ಹೊಟ್ಟೆ ಚಿಕ್ಕದು. ಎರಡು ಸಾಲು ಒತ್ತಾದರೆ ಕೆಳಸಾಲಿನ ಕಡ್ಡಿ ಮೇಲುಸಾಲಿನ ಬಾಲಕ್ಕೆ ತಿವಿಯುತ್ತದೆ.

ಪರದೆಯಲ್ಲಿ ಕಪ್ಪು ಅಥವಾ ಕಡುಬಣ್ಣದ ಮೇಲೆ ಬಿಳಿ ಅಕ್ಷರ ಇಡುವಾಗ ಬಿಳಿ ಹರಡಿದಂತೆ ಕಾಣುತ್ತದೆ. ಹಾಗಾಗಿ ಬಿಳಿ ಹಿನ್ನೆಲೆಗೆ ಆರಿಸುತ್ತಿದ್ದುದಕ್ಕಿಂತ ಒಂದು ಹಂತ ಕಡಿಮೆ ತೂಕ ಸಾಕಾಗಬಹುದು. ಕಾಗದದ ಮುದ್ರಣದಲ್ಲಿ ಇದು ತಿರುಗುತ್ತದೆ: ಸುತ್ತಲಿನ ಮಸಿ ಅಕ್ಷರದೊಳಕ್ಕೆ ಜಿನುಗಿ ಗೆರೆಯನ್ನು ತಿನ್ನುತ್ತದೆ. ಅಗ್ಗದ ಕಾಗದವಾದರೆ ಒಂದು ಹಂತ ಹೆಚ್ಚೇ ಇರಲಿ. ಎಡ ಅಂಚಿಗೆ ಸಾಲುಗಳನ್ನು ಹೊಂದಿಸಿದಾಗ ಯಂತ್ರದ ಲೆಕ್ಕಕ್ಕೆ ಸರಿಯಿದ್ದರೂ ವಾಲಿದ ಅಕ್ಷರದ ಮೇಲ್ಭಾಗ ಒಳಕ್ಕೆ ಹೋಗಿರುವುದರಿಂದ ಸಾಲು ಬಲಕ್ಕೆ ಸರಿದಂತೆ ತೋರುತ್ತದೆ. ಕಣ್ಣಿನ ಅಳತೆಯಲ್ಲಿ ಎಡಕ್ಕೆ ಒಂದಿಷ್ಟು ತಳ್ಳಿ. ಪಟ್ಟಿಯ ಮಧ್ಯೆ ಇಡುವಾಗಲೂ ಇದೇ ಮಾತು, ಮಧ್ಯಕ್ಕೆ ತರುವ ಗುಂಡಿಯನ್ನು ನಂಬಿ ಕೂರಬೇಡಿ.

ಓರೆ ಪದ ಮುಗಿದು ನೆಟ್ಟಗಿನ ಆವರಣ ಚಿಹ್ನೆಯೋ ಉದ್ಧರಣ ಚಿಹ್ನೆಯೋ ಬಂದರೆ ಎರಡೂ ಮೇಲ್ಗಡೆ ಡಿಕ್ಕಿ ಹೊಡೆಯುತ್ತವೆ. ‘ಡಿ’, ‘ಎಲ್’, ‘ಎಫ್’ ಕೊನೆಯಲ್ಲಿದ್ದರಂತೂ ಖಂಡಿತ. ಚಿಹ್ನೆಯನ್ನೂ ಓರೆ ಮಾಡುವುದು ಒಂದು ದಾರಿ, ನಡುವೆ ಕೂದಲೆಳೆಯಷ್ಟು ಜಾಗ ಸೇರಿಸುವುದು ಇನ್ನೊಂದು. ನಾನು ಎರಡನೆಯದನ್ನೇ ಮೆಚ್ಚುತ್ತೇನೆ.

ಪಕ್ಕದಲ್ಲಿ ಕನ್ನಡ ಬಂದಾಗ

ನಮ್ಮಲ್ಲಿ ಬಹುಪಾಲು ಪೋಸ್ಟರುಗಳು ದ್ವಿಭಾಷಿಕ. ಇಂಗ್ಲಿಷ್ ಸಾಲನ್ನು ಓರೆ ಮಾಡಿದವರು ಹೊಂದಾಣಿಕೆಯಿರಲಿ ಎಂದು ಕನ್ನಡ ಸಾಲಿಗೂ ಅದೇ ಗುಂಡಿ ಒತ್ತುತ್ತಾರೆ. ಇದನ್ನು ಮಾಡಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಕಾರಣ ಅಭಿಮಾನವಲ್ಲ, ಅಕ್ಷರದ ರಚನೆ.

ಕನ್ನಡದ ಅಕ್ಷರ ಬುಡದ ಗೆರೆಯ ಮೇಲೂ ಕೆಳಗೂ ಹರಡಿಕೊಂಡಿರುತ್ತದೆ. ಯಂತ್ರ ತಳ್ಳುವುದು ಬುಡದ ಗೆರೆಯನ್ನು ಹಿಡಿದು. ಗೆರೆಯ ಮೇಲಿನದೆಲ್ಲ ಬಲಕ್ಕೆ ಹೋಗುತ್ತದೆ, ಕೆಳಗಿನದೆಲ್ಲ ಎಡಕ್ಕೆ. ಬಲಕ್ಕೆ ಹೋದ ತಲೆಕಟ್ಟು ತನ್ನ ಅಕ್ಷರದ ಮೈಯಿಂದ ಜಾರಿದಂತೆ ಕಾಣುತ್ತದೆ. ‘ಕಿ’, ‘ತಿ’ಗಳ ಗುಡಿಸು, ‘ಕೆ’, ‘ತೆ’ಗಳ ಏತ್ವ ಇನ್ನಷ್ಟು ಮುಂದೆ ಚಾಚುತ್ತವೆ. ಒತ್ತಕ್ಷರದ ಪಾಡು ಇದಕ್ಕಿಂತ ಕಷ್ಟ. ‘ಕ್ಕ’, ‘ತ್ತ’, ‘ಷ್ಟ’ಗಳಲ್ಲಿ ಬಲಗೆಳಗೆ ಕೂರಬೇಕಾದ ಒತ್ತು 14 ಡಿಗ್ರಿಯ ತಳ್ಳುವಿಕೆಯಲ್ಲಿ ಅಕ್ಷರಗಾತ್ರದ ಸುಮಾರು ಹತ್ತನೇ ಒಂದು ಭಾಗದಷ್ಟು ಎಡಕ್ಕೆ ಜಾರಿ ಮೂಲಾಕ್ಷರದ ಹೊಟ್ಟೆಯಡಿ ನುಸುಳುತ್ತದೆ, ಅದಕ್ಕೆಂದು ಬಿಟ್ಟಿದ್ದ ಜಾಗ ಬಲಗಡೆ ಖಾಲಿ ಬೀಳುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಪದಗಳಲ್ಲಿ ಎರಡು ಒತ್ತುಗಳು ಸೇರಿ ಗೋಜಲಾಗುತ್ತವೆ. ಅನುಸ್ವಾರ, ‘ಠ’, ‘ರ’ ಇವುಗಳ ವೃತ್ತಗಳಿಗೆ ಆಗುವುದು ಫ್ಯೂಚುರಾದ ‘ಓ’ಗೆ ಆದದ್ದೇ. ಕನ್ನಡದಲ್ಲಿ ದುಂಡು ಭಾಗಗಳೇ ಹೆಚ್ಚಾದ್ದರಿಂದ ಇಡೀ ಸಾಲು ಊದಿದಂತೆ ಕಾಣುತ್ತದೆ.

ಹಾಗಾದರೆ ನಮ್ಮ ಬೋರ್ಡು ಬರೆಯುವವರು, ಸಿನಿಮಾ ಪೋಸ್ಟರಿನ ಕಲಾವಿದರು ವಾಲಿದ ಕನ್ನಡ ಬರೆದಿಲ್ಲವೇ? ಧಾರಾಳವಾಗಿ ಬರೆದಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ಅವರು ಪ್ರತಿ ಒತ್ತನ್ನೂ ಜಾಗ ನೋಡಿ ಕೂರಿಸಿದರು, ತಲೆಕಟ್ಟನ್ನು ಬೇಕಾದಲ್ಲಿ ಮೊಟಕು ಮಾಡಿದರು, ಬೇಕಾದಲ್ಲಿ ಮುಂದಿನ ಅಕ್ಷರಕ್ಕೆ ಬೆಸೆದರು. ಹೆಸರಿನ ಮೂರು ಅಕ್ಷರ ಓರೆಯಾಗಿ ಬೇಕೇ ಬೇಕಿದ್ದರೆ ಅಂಥ ಕೈಯಿಂದ ಬರೆಸಿ, ಅಥವಾ ಅಕ್ಷರವನ್ನು ರೇಖೆಯಾಗಿ ಪರಿವರ್ತಿಸಿ ಒತ್ತುಗಳನ್ನು ಒಂದೊಂದಾಗಿ ಸರಿಸಿ.

ಸಿದ್ಧ ಫಾಂಟುಗಳಲ್ಲಿ ಓರೆ ಕನ್ನಡ ಅಪರೂಪ. ನೋಟೊ ಸ್ಯಾನ್ಸ್ ಕನ್ನಡ, ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಮತ್ತು ಬಲೂ ತಮ್ಮ ಇವುಗಳಲ್ಲಿ ಓರೆ ರೂಪ ಇಲ್ಲ. ಟೈರೊ ಕನ್ನಡಕ್ಕೆ ಇಟಾಲಿಕ್ ಜೊತೆಗಾರ ಇದೆ. ಆದರೆ ಅದು ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಗ್ರಂಥಮಾಲೆಗಾಗಿ ಶುರುವಾದ ಅಕ್ಷರಗಳ ಬಳಗದ್ದು, ದಪ್ಪ ತೆಳುವಿನ ಏರಿಳಿತವುಳ್ಳ ಪುಸ್ತಕದ ಅಕ್ಷರ. ಫ್ಯೂಚುರಾದ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರಿಗೂ ಮುಜುಗರ.

ನಾನು ಸೂಚಿಸುವ ಜೋಡಣೆ ಹೀಗೆ: ಇಂಗ್ಲಿಷ್ ಸಾಲು ಓರೆ, ಕನ್ನಡ ಸಾಲು ನೆಟ್ಟಗೆ ಮತ್ತು ದಪ್ಪಗೆ. ಅನೇಕ್ ಕನ್ನಡದಲ್ಲಿ ತೂಕ, ಅಗಲ ಎರಡನ್ನೂ ಹೆಚ್ಚು ಕಡಿಮೆ ಮಾಡಬಹುದಾದ್ದರಿಂದ ಫ್ಯೂಚುರಾದ ಕಪ್ಪಿಗೆ ಸರಿಹೊಂದಿಸುವುದು ಸುಲಭ. ಮೊದಲು ಕನ್ನಡ ಸಾಲಿನ ಗಾತ್ರ ನಿರ್ಧರಿಸಿ, ಆಮೇಲೆ ಇಂಗ್ಲಿಷ್ ಸಾಲನ್ನು ಅದಕ್ಕೆ ತಕ್ಕಂತೆ ತನ್ನಿ. ಕ್ರಮ ಹಿಂದುಮುಂದಾದರೆ ಒತ್ತಕ್ಷರಗಳಿಗೆ ಜಾಗ ಸಾಲದೆ ಕನ್ನಡವೇ ಕುಗ್ಗುತ್ತದೆ, ನಮ್ಮ ಎಷ್ಟೋ ಬೋರ್ಡುಗಳಲ್ಲಿ ಆಗಿರುವುದು ಇದೇ. ಕನ್ನಡದ ಒಳಗೆ ಒಂದು ಪದಕ್ಕೆ ಒತ್ತು ಕೊಡಬೇಕಾದರೆ ದಪ್ಪ ಅಕ್ಷರವಿದೆ, ಬಣ್ಣವಿದೆ. ಪುಸ್ತಕದ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಹಾಕುವ ರೂಢಿ ನಮ್ಮ ಮುದ್ರಣದಲ್ಲಿ ಮೊದಲಿನಿಂದ ಇದೆ, ಅದಕ್ಕಿಂತ ಓರೆ ಅಕ್ಷರ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ಕನ್ನಡ ಜಾಲತಾಣ ನಡೆಸುವವರು ಎರಡು ಕೆಲಸ ಮಾಡಬಹುದು. ಒತ್ತು ಸೂಚಿಸುವ ‘ಇಎಂ’ ಟ್ಯಾಗಿಗೆ ಕನ್ನಡ ಪುಟಗಳಲ್ಲಿ ಫಾಂಟ್-ಸ್ಟೈಲ್ ‘ನಾರ್ಮಲ್’ ಎಂದೂ ತೂಕ ಹೆಚ್ಚೆಂದೂ ಹೇಳಿಡುವುದು ಒಂದು. ಫಾಂಟ್-ಸಿಂಥೆಸಿಸ್ ಎಂಬ ಗುಣಕ್ಕೆ ‘ನನ್’ ಎಂದು ಕೊಟ್ಟು, ಇಲ್ಲದ ಓರೆಯನ್ನು ಬ್ರೌಸರ್ ತಾನೇ ಸೃಷ್ಟಿಸದಂತೆ ತಡೆಯುವುದು ಇನ್ನೊಂದು. ಇದು ಇಲ್ಲದ ದಪ್ಪವನ್ನು ಹುಟ್ಟಿಸುವುದನ್ನೂ ತಡೆಯುತ್ತದೆ, ಆದ್ದರಿಂದ ನಿಜವಾದ ಬೋಲ್ಡ್ ಫೈಲನ್ನು ಪುಟಕ್ಕೆ ಸೇರಿಸಿರಬೇಕು.

ಕೈಗೆಟಕುವುದು ಯಾವುದು

ಫ್ಯೂಚುರಾ ಹಣ ಕೊಟ್ಟು ಕೊಳ್ಳಬೇಕಾದ ಫಾಂಟ್. ಮ್ಯಾಕ್ ಕಂಪ್ಯೂಟರಿನಲ್ಲಿ ಅದರ ಕೆಲವು ರೂಪಗಳು ಮೊದಲೇ ಇರುತ್ತವೆ, ಮೀಡಿಯಂ ತೂಕದ ಓರೆಯೂ ಸೇರಿ. ಅಡ್ರಿಯನ್ ಫ್ರುಟಿಗರ್ 1988ರಲ್ಲಿ ಮಾಡಿದ ಅವೆನೀರ್ ಕೂಡ ಅಲ್ಲೇ ಇದೆ, ಓರೆ ರೂಪಗಳ ಸಮೇತ. ಜ್ಯಾಮಿತಿಯ ಹಠ ಕಡಿಮೆ ಮಾಡಿ ಓದಿಗೆ ಹೆಚ್ಚು ಬೆಲೆ ಕೊಟ್ಟ ಅಕ್ಷರ ಅದು. ನಾಲ್ಕು ಸಾಲಿನ ಓರೆ ಬರಹ ಬೇಕೇ ಬೇಕು ಎನ್ನುವವರಿಗೆ ಫ್ಯೂಚುರಾಗಿಂತ ಇದೇ ವಾಸಿ.

ಮೈಕ್ರೋಸಾಫ್ಟ್ ಆಫೀಸ್ ಬಳಸುವವರ ಬಳಿ ಸೆಂಚುರಿ ಗಾಥಿಕ್ ಇರುತ್ತದೆ. ಅದರ ಅಳತೆಗಳು ಐಟಿಸಿ ಅವಂತ್ ಗಾರ್ಡ್ ಅಕ್ಷರಕ್ಕೆ ತಾಳೆಯಾಗುವಂಥವು. ಈ ಅವಂತ್ ಗಾರ್ಡ್ ಹುಟ್ಟಿದ್ದು ಹರ್ಬ್ ಲುಬಾಲಿನ್ ಅದೇ ಹೆಸರಿನ ಪತ್ರಿಕೆಗೆ ಮಾಡಿದ ಶೀರ್ಷಿಕೆಯಿಂದ. ಟಾಮ್ ಕಾರ್ನೇಸ್ ಜೊತೆ ಸೇರಿ ಅವನು ಅದನ್ನು 1970ರಲ್ಲಿ ಪೂರ್ಣ ಅಕ್ಷರಮಾಲೆಯಾಗಿಸಿದ, ಓರೆ ರೂಪಗಳನ್ನು 1977ರಲ್ಲಿ ಸ್ವಿಟ್ಜರ್ಲೆಂಡಿನ ಮೂವರು ವಿನ್ಯಾಸಕರು ಸೇರಿಸಿದರು. ಪೋಸ್ಟ್‌ಸ್ಕ್ರಿಪ್ಟ್ ಲೇಸರ್ ಪ್ರಿಂಟರುಗಳ ಮಾಮೂಲಿ 35 ಫಾಂಟುಗಳಲ್ಲಿ ಅದಕ್ಕೂ ಅದರ ಆಬ್ಲಿಕ್‌ಗೂ ಜಾಗ ಸಿಕ್ಕಿದ್ದರಿಂದ ಡಿಟಿಪಿ ಯುಗದ ಮೊದಲ ದಿನಗಳಿಂದ ಓರೆ ಜ್ಯಾಮಿತೀಯ ಅಕ್ಷರ ಮೇಜುಮೇಜಿಗೂ ತಲುಪಿತು. ಲಿನಕ್ಸ್‌ನಲ್ಲಿ ಅದರ ಬದಲಿ ಯುಆರ್‌ಡಬ್ಲ್ಯು ಗಾಥಿಕ್.

ಪುಕ್ಕಟೆ ಬೇಕಾದವರಿಗೆ ಮೂರು ಹೆಸರು ಸಾಕು. ಫ್ಯೂಚುರಾಕ್ಕೆ ಅತಿ ಹತ್ತಿರದ್ದು ಓವನ್ ಅರ್ಲ್ ರೂಪಿಸಿದ ಯೋಸ್ಟ್. ಬಾವರ್ ಫೌಂಡ್ರಿಯ ಹೈನ್ರಿಖ್ ಯೋಸ್ಟ್‌ನ ಹೆಸರನ್ನೇ ಅದಕ್ಕಿಟ್ಟಿದ್ದಾರೆ, ಹುಡುಕುವಾಗ ಜೆ-ಒ-ಎಸ್-ಟಿ ಎಂದು ಬೆರಳಚ್ಚಿಸಬೇಕು. ತೂಕ 100ರಿಂದ 900ರವರೆಗೆ, ಎಲ್ಲಕ್ಕೂ ಓರೆ ರೂಪವಿದೆ. ಅರ್ಜೆಂಟೀನಾದ ಹುಲಿಯೆಟಾ ಉಲನೋವ್‌ಸ್ಕಿ ಬ್ಯೂನಸ್ ಐರಿಸ್‌ನ ಮಾಂಟ್ಸೆರಾಟ್ ಬಡಾವಣೆಯ ಹಳೆಯ ಫಲಕಗಳನ್ನು ನೋಡಿ ಮಾಡಿದ ಮಾಂಟ್ಸೆರಾಟ್ ಅಗಲವಾದ ಅಕ್ಷರ, ಪರದೆಯ ಮೇಲೆ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಅಹಮದಾಬಾದಿನ ಇಂಡಿಯನ್ ಟೈಪ್ ಫೌಂಡ್ರಿಯ ಪಾಪಿನ್ಸ್‌ನಲ್ಲಿ ಲ್ಯಾಟಿನ್ ಜೊತೆ ದೇವನಾಗರಿ ಇದೆ, ಕನ್ನಡ ಇಲ್ಲ. ಮೂರೂ ಮುಕ್ತ ಪರವಾನಗಿಯವು, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಇಳಿಸಿಕೊಳ್ಳುವಾಗ ಓರೆ ರೂಪದ ಫೈಲು ಬೇರೆಯಾಗಿ ಇರುತ್ತದೆ, ಅದನ್ನು ಬಿಟ್ಟು ನೆಟ್ಟಗಿನದನ್ನಷ್ಟೇ ಅಳವಡಿಸಿದರೆ ಮತ್ತೆ ತಳ್ಳಿದ ಅಕ್ಷರವೇ ಗತಿ.

ಫೈಲನ್ನು ಪ್ರೆಸ್ಸಿಗೆ ಕೊಡುವಾಗ ಮೂಲ ಕಡತ ಕೊಡುವುದಕ್ಕಿಂತ ಪಿಡಿಎಫ್ ಕೊಡುವುದು ಕ್ಷೇಮ. ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಕಳಿಸುವ ಮೊದಲು ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಪಟ್ಟಿ ನೋಡಿ. ಓರೆ ರೂಪದ ಹೆಸರು ಅಲ್ಲಿ ಪ್ರತ್ಯೇಕವಾಗಿ ಇರಬೇಕು, ಪಕ್ಕದಲ್ಲಿ ಎಂಬೆಡೆಡ್ ಎಂದಿರಬೇಕು. ನೆಟ್ಟಗಿನ ಹೆಸರೊಂದೇ ಇದ್ದು ಪುಟದಲ್ಲಿ ಅಕ್ಷರ ವಾಲಿದ್ದರೆ ಫೈಲನ್ನು ವಾಪಸ್ ತೆರೆದು ಸರಿಪಡಿಸಿ, ಆಮೇಲೆ ಕಳಿಸಿ.